ಮೂಲೆಯಲ್ಲಿದ್ದ ಕೋಲು

ಜನವರಿ 31ರಂದು ಸಂತ ಜಾನ್ ಬೋಸ್ಕೊ ಅವರ ಹಬ್ಬ. 1888ರಲ್ಲಿ ಅವರು ಸ್ವರ್ಗಸ್ಥರಾದ ದಿನವಿದು. ಸಂತ ಪದವಿ ದೊರೆತದ್ದು 1934ರಲ್ಲಿ. ಅವರ ಹೆಸರಿನ ಶಾಲೆಗಳನ್ನು ನಾವೆಲ್ಲ ಬಲ್ಲೆವು. ಆದರೆ ಮೊದಮೊದಲು ಅವರ ಸುತ್ತ ಸೇರಿದವರು ಸಾಧು ವಿದ್ಯಾರ್ಥಿಗಳಲ್ಲ. ಬೀದಿಯಲ್ಲಿ ಅಲೆಯುತ್ತಿದ್ದ, ಸೆರೆಮನೆ ಕಂಡು ಬಂದ ಹುಡುಗರೂ ಅವರಲ್ಲಿದ್ದರು.

1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಬೆಕ್ಕಿ ಎಂಬಲ್ಲಿ ರೈತರ ಮನೆಯಲ್ಲಿ ಜಾನ್ ಹುಟ್ಟಿದರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರೀತಾ ಓದುಬರಹ ಬಾರದವರು. ವಯಸ್ಸಾದ ಅತ್ತೆ, ಮೂವರು ಗಂಡುಮಕ್ಕಳು, ಒಂದಿಷ್ಟು ಹೊಲ, ಎಲ್ಲವೂ ಅವರೊಬ್ಬರ ಹೆಗಲಿಗೆ ಬಿತ್ತು. ಮನೆಯ ಮೂಲೆಯಲ್ಲಿ ಒಂದು ಕೋಲು ಇರುತ್ತಿತ್ತಂತೆ. ಮಕ್ಕಳಿಗೆ ಅದು ಕಾಣುತ್ತಿತ್ತು, ಮೈಮೇಲೆ ಮಾತ್ರ ಬೀಳುತ್ತಿರಲಿಲ್ಲ. ಒಮ್ಮೆ ಜಾನ್ ಎಣ್ಣೆಯ ಪಾತ್ರೆ ಒಡೆದುಬಿಟ್ಟ. ಬೇಲಿಯಿಂದ ತಾನೇ ಒಂದು ಕೋಲು ಕಡಿದು, ಅದರ ಮೇಲೆ ಚಿತ್ತಾರ ಕೆತ್ತಿ, ಮನೆಗೆ ಬರುತ್ತಿದ್ದ ತಾಯಿಯ ಕೈಗೆ ಕೊಟ್ಟನೆಂದು ಹೇಳುತ್ತಾರೆ. ತಾಯಿಗೆ ನಗು ತಡೆಯಲಾಗಲಿಲ್ಲ. ಹಾಗೆಂದು ಅವರು ಮಕ್ಕಳನ್ನು ಸಡಿಲ ಬಿಟ್ಟವರಲ್ಲ. ಕೆಲಸ ಮತ್ತು ಪ್ರಾರ್ಥನೆಯಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ.

ಅದೇ ಮನೆಯಲ್ಲಿ ಇನ್ನೊಂದು ಬಗೆಯ ಯಜಮಾನಿಕೆಯೂ ಇತ್ತು. ತಂದೆಯ ಮೊದಲ ಹೆಂಡತಿಯ ಮಗ ಅಂತೋನಿಯೊ, ತಮ್ಮ ಪುಸ್ತಕ ಹಿಡಿದರೆ ಸಿಡಿದೇಳುತ್ತಿದ್ದ. ಕೊನೆಗೆ ಹನ್ನೆರಡರ ಆಸುಪಾಸಿನ ಜಾನ್ ಮನೆ ಬಿಟ್ಟು ಬೇರೆಯವರ ಹೊಲದಲ್ಲಿ ಆಳಾಗಿ ದುಡಿಯಬೇಕಾಯಿತು. ಜಾನನಿಗೂ ಸಿಟ್ಟೇನು ಕಡಿಮೆಯಿರಲಿಲ್ಲ. ಒಂಬತ್ತರ ಪ್ರಾಯದಲ್ಲಿ ಕಂಡ ಕನಸಿನಲ್ಲೂ ಅವನು ಕೆಟ್ಟ ಮಾತಾಡುವ ಹುಡುಗರ ಮೇಲೆ ಮುಷ್ಟಿ ಬಿಗಿದು ನುಗ್ಗಿದ್ದ. ತೇಜಸ್ವಿಯೊಬ್ಬರು ತಡೆದು ಸೌಮ್ಯತೆಯ ದಾರಿ ತೋರಿಸಿದರು.

1841ರಲ್ಲಿ ಗುರುದೀಕ್ಷೆ ಪಡೆದು ಟ್ಯೂರಿನ್ ನಗರಕ್ಕೆ ಬಂದಾಗ, ಗುರು ಜೋಸೆಫ್ ಕಫಾಸೊ ಅವರನ್ನು ಸೆರೆಮನೆಗಳಿಗೆ ಕರೆದೊಯ್ದರು. 12ರಿಂದ 18 ವರ್ಷದ, ಗಟ್ಟಿಮುಟ್ಟಾದ, ಚುರುಕಾದ ಹುಡುಗರು ಅಲ್ಲಿ ಕೊಳೆಯುತ್ತಿದ್ದರು. ಬಿಡುಗಡೆಯಾದವರು ಮತ್ತೆ ಅಲ್ಲಿಗೇ ಮರಳುತ್ತಿದ್ದರು. ಹೊರಗೆ ಅವರನ್ನು ಕೇಳುವವರೇ ಇಲ್ಲದಿರುವುದು ಇದಕ್ಕೆ ಕಾರಣವೆಂದು ಬೋಸ್ಕೊ ಕಂಡುಕೊಂಡರು.

ಪ್ರೀತಿ ತೋರಿದೊಡನೆ ಎಲ್ಲರೂ ತಿದ್ದಿಕೊಂಡರು ಎಂದಲ್ಲ. ಹುಲ್ಲಿನ ಅಟ್ಟದಲ್ಲಿ ಮಲಗಲು ಜಾಗ ಕೊಟ್ಟರೆ, ಬೆಳಗಾಗುವಷ್ಟರಲ್ಲಿ ಹುಡುಗರೂ ಇಲ್ಲ, ಹೊದಿಕೆಗಳೂ ಇಲ್ಲ! 1846ರಲ್ಲಿ ಮಾರ್ಗರೀತಾ ಹಳ್ಳಿ ಬಿಟ್ಟು ಮಗನ ಜೊತೆ ಬಂದು ನಿಂತರು. ತಮ್ಮ ಮದುವೆಯ ಬಟ್ಟೆಗಳನ್ನು ಬಲಿಪೀಠದ ವಸ್ತ್ರಗಳಿಗಾಗಿ ಕೊಟ್ಟರು. ಒಂದು ದಿನ ಹುಡುಗರು ಆಟದ ಭರದಲ್ಲಿ ಅವರ ತರಕಾರಿ ಮಡಿಗಳನ್ನು ತುಳಿದುಹಾಕಿದಾಗ, ಸಾಕಾಯಿತು, ಊರಿಗೆ ಹೋಗುತ್ತೇನೆಂದು ಹೊರಟರು. ಮಗ ಮಾತಾಡದೆ ಗೋಡೆಯ ಶಿಲುಬೆಯತ್ತ ಕೈ ತೋರಿಸಿದರು. ತಾಯಿ ಉಳಿದರು, 1856ರಲ್ಲಿ ಸಾಯುವ ತನಕ.

ಕೆಲಸ ಕಲಿಯಲು ಹೋಗುವ ಹುಡುಗರಿಗಾಗಿ ಬೋಸ್ಕೊ ಮಾಲೀಕರೊಂದಿಗೆ ಕರಾರು ಬರೆಸುತ್ತಿದ್ದರು. ತಪ್ಪಿದರೆ ಮಾತಿನಲ್ಲಿ ತಿದ್ದಬೇಕು, ಹೊಡೆಯುವಂತಿಲ್ಲ ಎಂಬುದೂ ಅದರಲ್ಲಿರುತ್ತಿತ್ತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

1857ರಲ್ಲಿ ಕಾರ್ಮಾಞೋಲಾ ರೈಲು ನಿಲ್ದಾಣದ ಬಳಿ, ಮಂಜು ಕವಿದ ಸಂಜೆ, ಹುಡುಗರ ಗುಂಪಿಗೆ ಅಪ್ಪಣೆ ಕೊಡುತ್ತಿದ್ದ ಒಬ್ಬ ಪೋರ ಅವರ ಕಣ್ಣಿಗೆ ಬಿದ್ದ. ಹೆಸರು ಮಿಕೇಲೆ ಮಗೋನೆ. ತಂದೆ ಇಲ್ಲ, ತಾಯಿ ಕೂಲಿ ಮಾಡುವವಳು, ಶಾಲೆಯಿಂದ ಹೊರಹಾಕಿದ್ದರು. ಬೋಸ್ಕೊ ಅವನನ್ನು ಟ್ಯೂರಿನ್‌ಗೆ ಕರೆಸಿಕೊಂಡರು. ಕೆಲವು ವಾರ ಎಲ್ಲರಿಗಿಂತ ಜೋರಾಗಿ ಆಡಿದವನು ಇದ್ದಕ್ಕಿದ್ದಂತೆ ಮಂಕಾದ. ಬೋಸ್ಕೊ ಗದರಲಿಲ್ಲ, ಹತ್ತಿರ ಕರೆದು ಕೇಳಿದರು. ಅವನನ್ನು ಕಾಡುತ್ತಿದ್ದುದು ತನ್ನ ಹಳೆಯ ಬದುಕು. ಪಾಪನಿವೇದನೆ ಮಾಡಿ ಎದ್ದವನು ಮೊದಲಿನಂತೆಯೇ ಅಂಗಳಕ್ಕೆ ಓಡಿದ. ಅವನ ಮುಂದಾಳುತನವನ್ನು ಯಾರೂ ಮುರಿಯಲಿಲ್ಲ. ಈಗ ಅವನು ಜಗಳ ಬಿಡಿಸುತ್ತಿದ್ದ. 1859ರ ಜನವರಿಯಲ್ಲಿ, ಹದಿಮೂರರ ಪ್ರಾಯದಲ್ಲೇ, ಕಾಯಿಲೆಯಿಂದ ತೀರಿಕೊಂಡ. ಬೋಸ್ಕೊ ಅವನ ಜೀವನಚರಿತ್ರೆಯನ್ನು ಬರೆದು 1861ರಲ್ಲಿ ಅಚ್ಚುಮಾಡಿಸಿದರು, ರೈಲು ನಿಲ್ದಾಣದ ಆ ತುಂಟಾಟವನ್ನೂ ಬಿಡದೆ.