ಕಥೆಗಿಂತ ದೊಡ್ಡದಾದ ಟಿಪ್ಪಣಿ: ಜೆ. ಆರ್. ಆರ್. ಟೋಲ್ಕೀನ್

ಫ್ಯಾಂಟಸಿ ಸೀರೀಸ್‌ಗಳನ್ನ ಓದೋರಿಗೆ ಒಂದು ವಿಷಯ ಗೊತ್ತಿರತ್ತೆ. ಕಥೆ ಮುಗಿದ ಮೇಲೂ ಅದರ ಜೊತೆ ಪುಸ್ತಕಗಳು ಬರ್ತಾನೇ ಇರ್ತವೆ. ಆ ಲೋಕದ ಇತಿಹಾಸ, ರಾಜವಂಶಗಳ ಪಟ್ಟಿ, ಮ್ಯಾಪ್‌ಗಳು, ಪುಟ ತುಂಬಾ ಬಣ್ಣದ ಚಿತ್ರಗಳು, ದಪ್ಪ ರಟ್ಟು, ಅದಕ್ಕಿಂತ ದಪ್ಪ ಬೆಲೆ. ಇದೆಲ್ಲ ದುಡ್ಡು ಮಾಡೋ ದಾರಿ ಅಂತ ನಮ್ಮಲ್ಲೇ ಅರ್ಧ ಜನ ಹೇಳ್ತಾರೆ. ಎಷ್ಟೋ ಸಲ ಅದು ನಿಜಾನೂ ಹೌದು. ಆದರೆ ಈ ಜಾತಿಯ ಪುಸ್ತಕಗಳ ಮೂಲ ಹುಡುಕಿಕೊಂಡು ಹೋದರೆ ಸಿಗೋ ಒಬ್ಬ ಮನುಷ್ಯನ ವಿಷಯದಲ್ಲಿ ಲೆಕ್ಕ ಉಲ್ಟಾ ಇದೆ. ಅವರಿಗೆ ಇತಿಹಾಸ ಮೊದಲು ಹುಟ್ಟಿತು, ಕಥೆ ಆಮೇಲೆ. ಕಥೆ ಜಗತ್ತಿಗೆಲ್ಲ ತಲುಪಿತು. ಇತಿಹಾಸದ ಪುಸ್ತಕ ಮಾತ್ರ ಅವರು ಬದುಕಿರೋವರೆಗೂ ಅಚ್ಚಾಗಲಿಲ್ಲ.

ಅವರೇ ಜಾನ್ ರೊನಾಲ್ಡ್ ರೂಯೆಲ್ ಟೋಲ್ಕೀನ್. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾ ನೋಡಿರೋ ನಾವೆಲ್ಲ ಹೆಸರು ಕೇಳಿರ್ತೀವಿ, ಮನುಷ್ಯನ ಬಗ್ಗೆ ಅಷ್ಟಾಗಿ ಕೇಳಿರಲ್ಲ.

ಟೋಲ್ಕೀನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೈನ್‌ನಲ್ಲಿ, 1892ರ ಜನವರಿ 3ರಂದು. ಅಪ್ಪ ಆರ್ಥರ್ ಬ್ಯಾಂಕ್ ಮ್ಯಾನೇಜರ್. 1895ರಲ್ಲಿ ಅಮ್ಮ ಮೇಬಲ್ ಇಬ್ಬರು ಗಂಡು ಮಕ್ಕಳನ್ನ ಕರ್ಕೊಂಡು ಇಂಗ್ಲೆಂಡಿಗೆ ಬಂದರು. ಅಪ್ಪ ಆಮೇಲೆ ಬರಬೇಕಿತ್ತು, ಬರಲೇ ಇಲ್ಲ. 1896ರಲ್ಲಿ ಅಲ್ಲೇ ಕಾಯಿಲೆಯಿಂದ ತೀರಿಕೊಂಡರು. ಹುಡುಗನಿಗೆ ಆಗ ನಾಲ್ಕು ವರ್ಷ.

ಬರ್ಮಿಂಗ್‌ಹ್ಯಾಮ್ ಹತ್ತಿರದ ಸೇರ್‌ಹೋಲ್ ಅನ್ನೋ ಹಳ್ಳಿಯಲ್ಲಿ ತಾಯಿ ಮಕ್ಕಳ ವಾಸ. ಹಿಟ್ಟಿನ ಗಿರಣಿ, ಹೊಳೆ, ಮರಗಳು. ಮಗನಿಗೆ ಲ್ಯಾಟಿನ್ ಕಲಿಸಿದ್ದು ಅಮ್ಮ, ಗಿಡಗಳನ್ನ ನೋಡಿ ಚಿತ್ರ ಬರೆಯೋದು ಕಲಿಸಿದ್ದೂ ಅಮ್ಮ. 1900ರಲ್ಲಿ ಮೇಬಲ್ ಕ್ಯಾಥೊಲಿಕ್ ಪಂಥಕ್ಕೆ ಸೇರಿದಾಗ ಮನೆಯವರು ಮುನಿಸಿಕೊಂಡು ಹಣದ ಸಹಾಯ ನಿಲ್ಲಿಸಿಬಿಟ್ಟರು. 1904ರಲ್ಲಿ ಆಕೆ ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು. ಇನ್ಸುಲಿನ್ ಕಂಡುಹಿಡಿಯೋಕೆ ಇನ್ನೂ 17 ವರ್ಷ ಬಾಕಿ ಇತ್ತು. ಹನ್ನೆರಡು ವರ್ಷಕ್ಕೇ ಅನಾಥನಾದ ಹುಡುಗನನ್ನೂ ತಮ್ಮನನ್ನೂ ಫ್ರಾನ್ಸಿಸ್ ಮಾರ್ಗನ್ ಅನ್ನೋ ಪಾದ್ರಿ ನೋಡಿಕೊಂಡರು.

ಈ ಹುಡುಗನಿಗೆ ಒಂದು ವಿಚಿತ್ರ ಹುಚ್ಚಿತ್ತು: ಪದಗಳ ಸದ್ದು. ಮನೆ ಹಿಂದಿನ ರೈಲು ಹಳಿ ಮೇಲೆ ಬರೋ ಕಲ್ಲಿದ್ದಲು ವ್ಯಾಗನ್‌ಗಳ ಮೇಲೆ ವೇಲ್ಸ್ ಭಾಷೆಯ ಊರ ಹೆಸರುಗಳು ಇರ್ತಿದ್ದವು. ಅರ್ಥ ಗೊತ್ತಿಲ್ಲದಿದ್ರೂ ಆ ಹೆಸರುಗಳು ಅವನ ತಲೆಯೊಳಗೆ ಕೂತುಬಿಟ್ಟವು. ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಕಾಲೇಜ್ ಲೈಬ್ರರಿಯಲ್ಲಿ ಫಿನ್ನಿಶ್ ಭಾಷೆಯ ಒಂದು ವ್ಯಾಕರಣ ಪುಸ್ತಕ ಸಿಕ್ಕಿತು. ಇನ್ನು ಕೇಳಬೇಕಾ? ತಾನೇ ಭಾಷೆ ಕಟ್ಟೋಕೆ ಶುರು. ಮುಂದೆ ಎಲ್ಫ್‌ಗಳ ಭಾಷೆಗಳಾದ ಕ್ವೆನ್ಯಾದಲ್ಲಿ ಫಿನ್ನಿಶ್ ನೆರಳು, ಸಿಂಡರಿನ್‌ನಲ್ಲಿ ವೇಲ್ಸ್ ನುಡಿಯ ನೆರಳು ಕಾಣೋದು ಇದಕ್ಕೇ. ಭಾಷೆ ಅಂದ ಮೇಲೆ ಅದನ್ನಾಡೋ ಜನ ಬೇಕು, ಜನ ಅಂದ ಮೇಲೆ ಅವರಿಗೊಂದು ಊರು, ಒಂದು ಚರಿತ್ರೆ ಬೇಕು. ಮಿಡಲ್ ಅರ್ಥ್ ಅನ್ನೋ ಲೋಕ ಬೆಳೆದಿದ್ದು ಈ ದಾರಿಯಲ್ಲಿ.

ಶಾಲೆಯಲ್ಲಿದ್ದಾಗ ಟೋಲ್ಕೀನ್‌ಗೆ ಮೂವರು ಜೀವದ ಗೆಳೆಯರಿದ್ದರು: ರಾಬ್ ಗಿಲ್ಸನ್, ಜೆಫ್ರಿ ಸ್ಮಿತ್, ಕ್ರಿಸ್ಟೋಫರ್ ವೈಸ್‌ಮನ್. ನಾವು ಕ್ಯಾಂಟೀನ್‌ನಲ್ಲಿ ಕೂತು ದೇಶ ಬದಲಾಯಿಸೋ ಮಾತಾಡ್ತೀವಲ್ಲ, ಇವರದ್ದೂ ಅದೇ ಕಥೆ. ಟೀ ಕುಡಿಯುತ್ತಾ ಸಾಹಿತ್ಯ ಓದೋ ಸಂಘ ಕಟ್ಟಿಕೊಂಡಿದ್ದರು. ಜಗತ್ತಿಗೆ ಏನೋ ಕೊಡಬೇಕು ಅನ್ನೋ ನಂಬಿಕೆ ನಾಲ್ವರಿಗೂ ಇತ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು.

ಟೋಲ್ಕೀನ್ 1916ರ ಮಾರ್ಚ್‌ನಲ್ಲಿ ಈಡಿತ್ ಬ್ರ್ಯಾಟ್ ಅವರನ್ನ ಮದುವೆಯಾದರು. ಆಕೆಯೂ ಅನಾಥೆ, ಇವರಿಗಿಂತ ಮೂರು ವರ್ಷ ದೊಡ್ಡವರು. ಇಪ್ಪತ್ತೊಂದು ತುಂಬೋವರೆಗೂ ಆಕೆಗೆ ಪತ್ರ ಬರೀಬಾರದು ಅಂತ ಪಾದ್ರಿ ಕಟ್ಟಪ್ಪಣೆ ಮಾಡಿದ್ದರು, ಇವರು ಪಾಲಿಸಿದ್ದರು. ಇಪ್ಪತ್ತೊಂದನೇ ಹುಟ್ಟುಹಬ್ಬದ ದಿನ ಪತ್ರ ಬರೆದರೆ, ಆಕೆಗೆ ಬೇರೆಯವರ ಜೊತೆ ನಿಶ್ಚಿತಾರ್ಥ ಆಗಿಹೋಗಿತ್ತು. ಇವರಿಗೋಸ್ಕರ ಈಡಿತ್ ಅದನ್ನ ಮುರಿದುಕೊಂಡರು. ಇಷ್ಟೆಲ್ಲ ಕಾದು ಮದುವೆಯಾದ ಕೆಲವೇ ತಿಂಗಳಿಗೆ ಟೋಲ್ಕೀನ್ ಸಿಗ್ನಲ್ ಆಫೀಸರ್ ಆಗಿ ಫ್ರಾನ್ಸ್‌ನ ಸೊಮ್ ಯುದ್ಧಭೂಮಿಗೆ ಹೋದರು.

ಸೊಮ್ ಕದನದ ಮೊದಲ ದಿನ, 1916ರ ಜುಲೈ 1ರಂದೇ ಗಿಲ್ಸನ್ ಸತ್ತ. ಡಿಸೆಂಬರ್‌ನಲ್ಲಿ ಸ್ಮಿತ್ ಸತ್ತ. ಸಾಯೋ ಮೊದಲು ಸ್ಮಿತ್ ಬರೆದ ಪತ್ರವೊಂದರಲ್ಲಿ, ತಾನು ಉಳಿಯದಿದ್ದರೂ ತಾನು ಹೇಳಬೇಕು ಅಂದುಕೊಂಡಿದ್ದನ್ನ ಗೆಳೆಯ ಹೇಳಲಿ ಅನ್ನೋ ಹಾರೈಕೆ ಇತ್ತು. ಟೋಲ್ಕೀನ್‌ಗೆ ಅಷ್ಟರಲ್ಲಿ ಕಂದಕದ ಹೇನುಗಳಿಂದ ಹರಡೋ ಟ್ರೆಂಚ್ ಫೀವರ್ ಬಂದು ವಾಪಸ್ ಕಳಿಸಿದ್ದರು. ಆ ಅನಾರೋಗ್ಯದ ದಿನಗಳಲ್ಲಿ, ಮಿಲಿಟರಿ ಆಸ್ಪತ್ರೆಯ ಹಾಸಿಗೆ ಮೇಲೆ ಬರೆಯೋಕೆ ಶುರು ಮಾಡಿದ್ದು ಗೊಂಡೊಲಿನ್ ಅನ್ನೋ ಗುಪ್ತ ನಗರ ಹಾಳಾಗಿ ಹೋಗೋ ಕಥೆ. ಫ್ರೋಡೋ, ಬಿಲ್ಬೋ ಯಾರೂ ಇನ್ನೂ ಹುಟ್ಟಿರಲಿಲ್ಲ. ಮುಂದಿನ ವರ್ಷ ಯಾರ್ಕ್‌ಶೈರ್‌ನ ಒಂದು ತೋಪಿನಲ್ಲಿ ಈಡಿತ್ ಬಿಳಿ ಹೂಗಳ ನಡುವೆ ಕುಣಿದದ್ದು ನೋಡಿ ಬೆರೆನ್ ಮತ್ತು ಲೂಥಿಯೆನ್‌ರ ಪ್ರೇಮಕಥೆ ಹುಟ್ಟಿತು. ಇಂಥ ಕಥೆಗಳೆಲ್ಲ ಸೇರಿ ಮುಂದೆ ‘ದಿ ಸಿಲ್ಮರಿಲಿಯನ್’ ಆಯಿತು. ಗೆಳೆಯರಿಗೆ ಸಲ್ಲಬೇಕಾದ ಸಾಲವೂ ಹೆಂಡತಿಯ ಮೇಲಿನ ಪ್ರೀತಿಯೂ ಅದರೊಳಗೇ ಇವೆ.

ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಕೆಲಸ. ಡಬ್ಲ್ಯೂ ಅಕ್ಷರದ ಪದಗಳ ಮೂಲ ಹುಡುಕೋದು. ಆಮೇಲೆ ಲೀಡ್ಸ್‌ನಲ್ಲಿ ಪಾಠ, 1925ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್. ನಾಲ್ಕು ಮಕ್ಕಳು, ಸಾಲದ ಸಂಬಳ. ಬೇಸಿಗೆಯಲ್ಲಿ ಶಾಲಾ ಮಕ್ಕಳ ಉತ್ತರಪತ್ರಿಕೆ ತಿದ್ದಿ ಒಂದಿಷ್ಟು ದುಡ್ಡು ಮಾಡ್ತಿದ್ದರು. ಹಾಗೆ ತಿದ್ದುವಾಗ ಯಾರೋ ಪುಣ್ಯಾತ್ಮ ಒಂದು ಹಾಳೆ ಖಾಲಿ ಬಿಟ್ಟಿದ್ದ. ಅದರ ಮೇಲೆ ಹಾಬಿಟ್ ಅನ್ನೋ ಪದ ಇರೋ ಒಂದು ವಾಕ್ಯ ಗೀಚಿದರು. ಅಲ್ಲಿಂದ ‘ದಿ ಹಾಬಿಟ್’ ಬೆಳೆಯಿತು. ಪರೀಕ್ಷೆಯಲ್ಲಿ ಹಾಳೆ ಖಾಲಿ ಬಿಡೋ ನಮ್ಮಂಥವರಿಂದ ಸಾಹಿತ್ಯಕ್ಕೆ ಆದ ಅತಿ ದೊಡ್ಡ ಉಪಕಾರ ಇದೇ ಇರಬೇಕು.

ಪುಸ್ತಕ ಛಾಪಿಸಬೇಕೋ ಬೇಡವೋ ಅಂತ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಕೇಳಿದ್ದು ತನ್ನ ಹತ್ತು ವರ್ಷದ ಮಗ ರೇನರ್‌ನ. ಓದಿ ಅಭಿಪ್ರಾಯ ಬರೆದುಕೊಟ್ಟದ್ದಕ್ಕೆ ಅವನಿಗೆ ಒಂದು ಶಿಲಿಂಗ್ ಸಿಕ್ಕಿತು. 1937ರ ಸೆಪ್ಟೆಂಬರ್ 21ರಂದು ಬಂದ ಮೊದಲ ಮುದ್ರಣ 1500 ಪ್ರತಿ, ಡಿಸೆಂಬರ್ ಹೊತ್ತಿಗೆ ಖಾಲಿ. ಒಳಗಿನ ಚಿತ್ರಗಳು, ಎರಡು ಮ್ಯಾಪ್, ಹೊರಗಿನ ಹೊದಿಕೆ ಎಲ್ಲ ಟೋಲ್ಕೀನ್ ಕೈಯಿಂದಲೇ ಬಂದದ್ದು. ಹೊದಿಕೆ ಮೇಲಿನ ಸೂರ್ಯನಿಗೆ ಅವರು ಕೆಂಪು ಬಳಿದಿದ್ದರು. ಒಂದು ಬಣ್ಣ ಜಾಸ್ತಿ ಆದರೆ ಖರ್ಚು ಜಾಸ್ತಿ ಅಂತ ಪ್ರಕಾಶಕರು ಅದನ್ನ ತೆಗೆಸಿದರು.

ಖುಷಿಯಲ್ಲಿ ಟೋಲ್ಕೀನ್ ಇಪ್ಪತ್ತು ವರ್ಷದಿಂದ ಕಟ್ಟಿಕೊಂಡು ಬಂದಿದ್ದ ಸಿಲ್ಮರಿಲಿಯನ್ ಹಸ್ತಪ್ರತಿಗಳನ್ನ ಪ್ರಕಾಶಕರಿಗೆ ಕಳಿಸಿದರು. ಬೇಡ ಅಂತ ವಾಪಸ್ ಬಂತು. ಅವರಿಗೆ ಬೇಕಿದ್ದದ್ದು ಹಾಬಿಟ್‌ಗಳ ಇನ್ನೊಂದು ಕಥೆ. ಸರಿ, 1937ರ ಡಿಸೆಂಬರ್‌ನಲ್ಲಿ ಅದನ್ನೇ ಶುರು ಮಾಡಿದರು. ಮಕ್ಕಳ ಕಥೆ ಆಗಬೇಕಿದ್ದದ್ದು ಹಳೇ ಇತಿಹಾಸದ ಕಡೆ ಜಾರುತ್ತಾ ಜಾರುತ್ತಾ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಆಯಿತು. ಮುಗಿಯೋಕೆ ಸುಮಾರು 12 ವರ್ಷ ಹಿಡಿಯಿತು.

ಇಲ್ಲಿ ಅವರ ಕೆಲಸದ ರೀತಿ ನೋಡಬೇಕು. ಮ್ಯಾಪ್ ಮೊದಲು ಬರೆದು ಕಥೆಯನ್ನ ಅದಕ್ಕೆ ಹೊಂದಿಸ್ತಿದ್ದರು. ಯಾರು ದಿನಕ್ಕೆ ಎಷ್ಟು ಮೈಲಿ ನಡೆದರು, ಆ ರಾತ್ರಿ ಚಂದ್ರ ಯಾವ ಕಲೆಯಲ್ಲಿದ್ದ ಅಂತೆಲ್ಲ ಲೆಕ್ಕ. ಗೊಂಡೋರ್, ಮೊರ್ಡೋರ್ ಭಾಗಗಳನ್ನ ಗ್ರಾಫ್ ಶೀಟ್ ಮೇಲೆ ಸ್ಕೇಲ್ ಹಾಕಿ, ಕಾಂಟೂರ್ ಗೆರೆ ಸಮೇತ ಬರೆದಿದ್ದರು. ಸರ್ವೇ ಲ್ಯಾಬ್ ಮಾಡಿರೋ ಸಿವಿಲ್‌ನವರಿಗೆ ಇದರ ಕಷ್ಟ ಗೊತ್ತು. ಅದನ್ನ ಅಚ್ಚಿಗೆ ತಕ್ಕ ಹಾಗೆ ಮತ್ತೆ ಬರೆದುಕೊಟ್ಟದ್ದು ಮಗ ಕ್ರಿಸ್ಟೋಫರ್.

ಕಥೆಯಲ್ಲಿ ಮೊರಿಯಾ ಗುಹೆಯೊಳಗೆ ಒಂದು ಹರಿದ ಹಳೇ ಪುಸ್ತಕ ಸಿಗತ್ತೆ. ಟೋಲ್ಕೀನ್ ಅದರ ಮೂರು ಪುಟಗಳನ್ನ ನಿಜವಾಗ್ಲೂ ತಯಾರಿಸಿದರು. ಬೇರೆ ಬೇರೆ ಕೈಬರಹ, ಸುಟ್ಟ ಅಂಚು, ಹರಿದ ಮೂಲೆ, ಹೊಲಿಗೆಯ ತೂತು, ಒಣಗಿದ ರಕ್ತದಂಥ ಕಲೆ. ಬಣ್ಣದಲ್ಲಿ ಅಚ್ಚು ಹಾಕೋಕೆ ದುಬಾರಿ ಅಂತ ಪ್ರಕಾಶಕರು ಕೈಬಿಟ್ಟರು. ಟೋಲ್ಕೀನ್‌ಗೆ ಇದು ಬಹಳ ನೋವು ಕೊಟ್ಟಿತು. ಅವರ ಪ್ರಕಾರ ಅದು ಅಲಂಕಾರ ಆಗಿರಲಿಲ್ಲ, ಆ ಲೋಕ ಇತ್ತು ಅನ್ನೋದಕ್ಕೆ ಸಾಕ್ಷಿ.

ಇನ್ನೂ ದೊಡ್ಡ ಆಸೆ ಒಂದಿತ್ತು: ಸಿಲ್ಮರಿಲಿಯನ್ ಮತ್ತು ರಿಂಗ್ಸ್ ಎರಡೂ ಒಟ್ಟಿಗೆ ಬರಬೇಕು. ಅದಕ್ಕಾಗಿ ಇನ್ನೊಬ್ಬ ಪ್ರಕಾಶಕರ ಜೊತೆ ಮಾತಾಡಿದರು, 1952ರಲ್ಲಿ ಅದೂ ಮುರಿದುಬಿತ್ತು. ಆಗ ಅವರಿಗೆ 60 ವರ್ಷ. ಏನೂ ಬರದೇ ಇರೋದಕ್ಕಿಂತ ಸ್ವಲ್ಪವಾದರೂ ಬರಲಿ ಅಂತ ತೀರ್ಮಾನಿಸಿ ಹಳೇ ಪ್ರಕಾಶಕರ ಹತ್ತಿರವೇ ವಾಪಸ್ ಹೋದರು. ಶಿಲಿಂಗ್ ಪಡೆದಿದ್ದ ಹುಡುಗ ರೇನರ್ ಈಗ ದೊಡ್ಡವನಾಗಿ ಕಂಪನಿಯಲ್ಲೇ ಇದ್ದ, ನಷ್ಟ ಆದರೂ ಆಗಲಿ ಅಂತ ಪುಸ್ತಕ ತಗೊಂಡ. 1954-55ರಲ್ಲಿ ಮೂರು ಭಾಗಗಳಾಗಿ ಬಂತು. ಮೂರನೇದು ತಡವಾಗಿದ್ದಕ್ಕೆ ಮುಖ್ಯ ಕಾರಣ ಕೊನೆಯ ಅನುಬಂಧಗಳು: ವಂಶವೃಕ್ಷ, ಕಾಲಗಣನೆ, ಲಿಪಿ, ಉಚ್ಚಾರಣೆ. ಓದುಗರು ಕಥೆಯ ಕೊನೆಗೆ ಕಾಯುತ್ತಿದ್ದರು, ಇವರು ಕ್ಯಾಲೆಂಡರ್ ಲೆಕ್ಕ ಸರಿ ಮಾಡ್ತಾ ಕೂತಿದ್ದರು.

ಓದುಗರು ಆ ಅನುಬಂಧಗಳನ್ನೂ ಬಿಡಲಿಲ್ಲ. ಇನ್ನೂ ಬೇಕು ಅಂತ ರಾಶಿ ರಾಶಿ ಪತ್ರ ಬರೆದರು. ಅಲ್ಲಿಂದ ಜೊತೆ ಪುಸ್ತಕಗಳು ಒಂದೊಂದಾಗಿ ಶುರುವಾದವು. 1962ರಲ್ಲಿ ಹಾಬಿಟ್‌ಗಳೇ ಬರೆದದ್ದು ಅನ್ನೋ ಹಾಗೆ ಒಂದು ಪದ್ಯಗಳ ಪುಸ್ತಕ ಬಂತು, ಚಿತ್ರ ಪಾಲಿನ್ ಬೇನ್ಸ್ ಅವರದ್ದು. 1967ರಲ್ಲಿ ಹಾಡುಗಳಿಗೆ ಸ್ವರ ಹಾಕಿದ ಪುಸ್ತಕ, ಅದರಲ್ಲಿ ಟೋಲ್ಕೀನ್ ಕೈಯಾರೆ ಬರೆದ ಎಲ್ಫ್ ಲಿಪಿ. 1970ರಲ್ಲಿ ಬೇನ್ಸ್ ಬಿಡಿಸಿದ ದೊಡ್ಡ ಮ್ಯಾಪ್. ಅದಕ್ಕಾಗಿ ಟೋಲ್ಕೀನ್ ಹಳೇ ಮ್ಯಾಪ್ ಮೇಲೆ ಟಿಪ್ಪಣಿ ಬರೆದು, ಹಾಬಿಟನ್ ಊರು ಆಕ್ಸ್‌ಫರ್ಡ್‌ನ ಅಕ್ಷಾಂಶದಲ್ಲಿದೆ ಅಂತ ತಿಳಿಸಿದ್ದರು. ಆ ಟಿಪ್ಪಣಿ ಇರೋ ಹಾಳೆ 2016ರಲ್ಲಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯ ಸೇರಿತು.

ಆದರೆ ಸಿಲ್ಮರಿಲಿಯನ್ ಮುಗಿಯಲೇ ಇಲ್ಲ. ಒಂದು ಹೆಸರು ಬದಲಾಯಿಸಿದರೆ ಭಾಷೆಯ ನಿಯಮ ಬದಲಾಗಬೇಕು, ನಿಯಮ ಬದಲಾದರೆ ಉಳಿದ ಹೆಸರುಗಳೂ ಬದಲಾಗಬೇಕು. ಭೂಮಿ ಮೊದಲು ಚಪ್ಪಟೆಯಾಗಿತ್ತು ಅಂತ ಬರೆದಿದ್ದು ಖಗೋಳ ವಿಜ್ಞಾನಕ್ಕೆ ಹೊಂದಲ್ಲ ಅಂತ ವಯಸ್ಸಾದ ಮೇಲೆ ಕೊರಗು ಶುರುವಾಯ್ತು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. 1971ರಲ್ಲಿ ಈಡಿತ್ ಹೋದರು. 1973ರ ಸೆಪ್ಟೆಂಬರ್ 2ರಂದು, 81ನೇ ವಯಸ್ಸಿನಲ್ಲಿ ಟೋಲ್ಕೀನ್ ಹೋದರು. ಆಕ್ಸ್‌ಫರ್ಡ್‌ನ ವೊಲ್ವರ್‌ಕೋಟ್ ಸ್ಮಶಾನದಲ್ಲಿ ಇಬ್ಬರಿಗೂ ಒಂದೇ ಸಮಾಧಿ. ಕಲ್ಲಿನ ಮೇಲೆ ಆಕೆಯ ಹೆಸರಿನ ಕೆಳಗೆ ಲೂಥಿಯೆನ್, ಇವರ ಹೆಸರಿನ ಕೆಳಗೆ ಬೆರೆನ್. ಆ ಹೆಸರುಗಳ ಕಥೆ ಆಗಿನ್ನೂ ಪೂರ್ತಿಯಾಗಿ ಎಲ್ಲೂ ಅಚ್ಚಾಗಿರಲಿಲ್ಲ.

ಉಳಿದದ್ದು ಪೆಟ್ಟಿಗೆಗಟ್ಟಲೆ ಕಾಗದ. ಮಗ ಕ್ರಿಸ್ಟೋಫರ್ ಆಕ್ಸ್‌ಫರ್ಡ್‌ನ ಕೆಲಸ ಬಿಟ್ಟು ಅದರ ಮುಂದೆ ಕೂತರು. 1977ರಲ್ಲಿ ‘ದಿ ಸಿಲ್ಮರಿಲಿಯನ್’ ಬಂತು. ಬೇರೆ ಬೇರೆ ಕಾಲದ ಬರಹಗಳನ್ನ ಹೊಲಿದು ಒಂದು ಮಾಡಿದ್ದು ಸರಿಯಾ ಅಂತ ಕೆಲವರು ಕೇಳಿದರು. ಆ ಪ್ರಶ್ನೆ ಕ್ರಿಸ್ಟೋಫರ್‌ಗೂ ಇತ್ತು ಅನ್ಸತ್ತೆ. ಯಾಕಂದ್ರೆ ಆಮೇಲೆ 1983ರಿಂದ 1996ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಪ್ಪನ ಕರಡುಗಳನ್ನ ತಿದ್ದುಪಡಿ, ಗೊಂದಲ ಸಮೇತ ಜನರ ಮುಂದಿಟ್ಟರು. ಹೊಲಿಗೆ ಹಾಕಿದ ಬಟ್ಟೆ ಕೊಟ್ಟವರೇ ತುಂಡುಗಳನ್ನೂ ತೋರಿಸಿದ್ದು ದೊಡ್ಡತನ ಅಂತ ನಮಗನಿಸತ್ತೆ. ಆಸ್ಪತ್ರೆಯಲ್ಲಿ ಹುಟ್ಟಿದ ಗೊಂಡೊಲಿನ್ ಕಥೆ ಬೇರೆಯದೇ ಪುಸ್ತಕವಾಗಿ, ಅಲನ್ ಲೀ ಚಿತ್ರಗಳ ಜೊತೆ 2018ರಲ್ಲಿ ಬಂತು. ಆಗ ಕ್ರಿಸ್ಟೋಫರ್‌ಗೆ 93 ವರ್ಷ. 2020ರಲ್ಲಿ ಅವರೂ ಹೋದರು.

ಓದಬೇಕು ಅನ್ಸಿದ್ರೆ ಸಿಲ್ಮರಿಲಿಯನ್‌ನಿಂದ ಶುರು ಮಾಡಬೇಡಿ, ಹೆಸರುಗಳ ಮಳೆಗೆ ಹೆದರಿ ಓಡ್ತೀರ. ‘ಹಾಬಿಟ್’ ಮೊದಲು, ಆಮೇಲೆ ‘ರಿಂಗ್ಸ್’. ಅದು ಮುಗಿದಾಗ ಅನುಬಂಧಗಳನ್ನ ಹಾರಿಸದೆ ಓದಿ. ಅಲ್ಲಿ ಹೆಸರು ಮಾತ್ರ ಬರೋ ಎಷ್ಟೋ ಜನರ ಹಿಂದೆ ಪೂರ್ತಿ ಕಥೆ ಇದೆ. ಸಿಲ್ಮರಿಲಿಯನ್ ತೆಗೆಯೋ ಹೊತ್ತು ಬಂದಾಗ ಸಾಧ್ಯವಾದರೆ 2022ರ ಆವೃತ್ತಿ ಹುಡುಕಿ. ಅದರಲ್ಲಿರೋ ಚಿತ್ರಗಳು ಬೇರೆ ಯಾರದ್ದೂ ಅಲ್ಲ, ಟೋಲ್ಕೀನ್ ಅವರದ್ದೇ. ಅಮ್ಮ ಗಿಡ ನೋಡಿ ಬರೆಯೋಕೆ ಕಲಿಸಿದ ಕೈ ಅದು. ಒಂದು ಬಣ್ಣ ಜಾಸ್ತಿ ಅಂತ ಈ ಸಲ ಯಾರೂ ಲೆಕ್ಕ ಹಾಕಲಿಲ್ಲ.