ನಡುಗುವ ಯಂತ್ರವನ್ನು ಶಾಂತಗೊಳಿಸಿದ ಲ್ಯಾಂಚೆಸ್ಟರನು

ಒನಕೆಯಿಂದ ಭತ್ತವನ್ನು ಕುಟ್ಟುವಾಗ ನೆಲವು ಅದುರುವದನ್ನು ನೀವು ಬಲ್ಲಿರಿ. ಮೋಟಾರು ಬಂಡಿಯ ಯಂತ್ರದಲ್ಲಿಯೂ ಪಿಸ್ಟನ್ ಎಂಬ ಲೋಹದ ದಿಂಡು ನಿಮಿಷಕ್ಕೆ ನೂರಾರು ಸಾರಿ ಹಿಂದೆ ಮುಂದೆ ಓಡುವದರಿಂದ, ಮೊದಲಿನ ಬಂಡಿಗಳು ನಿಂತಲ್ಲಿಯೇ ಗಡಗಡನೆ ನಡುಗಿ ಕೂತವರನ್ನು ದಣಿಸುತ್ತಿದ್ದವು. ಈ ಕಾಟವನ್ನು ನೀಗಿಸಲು ಶ್ರಮಪಟ್ಟವರಲ್ಲಿ ಫ್ರೆಡರಿಕ್ ವಿಲಿಯಮ್ ಲ್ಯಾಂಚೆಸ್ಟರನು ಮುಖ್ಯನು.

ಆತನು 1868ನೇ ಇಸವಿ ಅಕ್ಟೋಬರ 23ರಂದು ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಕಟ್ಟಡಗಳ ನಕ್ಷೆ ತೆಗೆಯುವವನು. ಶಾಸ್ತ್ರಗಳನ್ನು ಕಲಿತರೂ ಯಾವ ಪದವಿಯನ್ನೂ ಪಡೆಯದೆ, ಬರ್ಮಿಂಗ್‌ಹ್ಯಾಮಿನ ಗ್ಯಾಸ್ ಯಂತ್ರದ ಕಾರ್ಖಾನೆಯೊಂದರಲ್ಲಿ ವಾರಕ್ಕೆ ಒಂದು ಪೌಂಡಿನ ಸಂಬಳಕ್ಕೆ ಸೇರಿದನು. ಆತನು ಕಂಡುಹಿಡಿಯುವದೆಲ್ಲವೂ ಧಣಿಗಳಿಗೇ ಸೇರತಕ್ಕದ್ದೆಂಬ ಷರತ್ತು ಕರಾರಿನಲ್ಲಿತ್ತು; ಆತನು ಅದನ್ನು ಹೊಡೆದುಹಾಕಿದ ಮೇಲೆಯೇ ರುಜು ಮಾಡಿದನು. ಆ ಪ್ರಾಯದಲ್ಲಿ ಇಂಥ ಎಚ್ಚರಿಕೆ ಅಪರೂಪವಲ್ಲವೇ!

1896ರಲ್ಲಿ ಆತನ ಮೊದಲನೆಯ ಬಂಡಿ ಓಡಿತು. ಅದಕ್ಕೆ ಒಂದೇ ಸಿಲಿಂಡರು. ಬಲವೂ ಸಾಲದು, ನಡುಕವೂ ಬಹಳ. ಒಂದೇ ಹೆಗಲಿನಲ್ಲಿ ಕೊಡ ಹೊತ್ತವನು ಓಲುತ್ತಾನೆ, ಅಡ್ಡೆಯ ಎರಡು ತುದಿಗೂ ಸಮಭಾರ ತೂಗಿಸಿದವನು ನೆಟ್ಟಗೆ ನಡೆಯುತ್ತಾನೆ. ಈ ಪ್ರಕಾರವೇ ಆತನು 1897ರಲ್ಲಿ ಎದುರುಬದುರಾದ ಎರಡು ಸಿಲಿಂಡರುಗಳನ್ನೂ, ಒಂದು ಬಲಕ್ಕೆ ಒಂದು ಎಡಕ್ಕೆ ತಿರುಗುವ ಎರಡು ಡೊಂಕು ಅಚ್ಚುಗಳನ್ನೂ ಇಟ್ಟು ಹೊಸ ಯಂತ್ರವನ್ನು ಮಾಡಿದನು. ಒಂದರ ಎಳೆತವನ್ನು ಇನ್ನೊಂದು ತಡೆದದ್ದರಿಂದ ನಡುಕವು ಬಹಳವಾಗಿ ತಗ್ಗಿತು.

1899ರ ಕೊನೆಯಲ್ಲಿ ತಮ್ಮಂದಿರೊಡನೆ ಕಂಪೆನಿಯನ್ನು ಸ್ಥಾಪಿಸಿದನು. ಬಂಡಿಗಳಿಗೆ ಗಿರಾಕಿಗಳಿದ್ದರೂ ಮೂಲಧನ ಸಾಲದೆ 1904ರಲ್ಲಿ ಅದು ದಿವಾಳಿಗೆ ಬಂದು, ಬೇರೆ ಹೆಸರಿನಿಂದ ಪುನಃ ಎದ್ದಿತು. 1909ರಿಂದ ಆತನು ಡೈಮ್ಲರ್ ಕಂಪೆನಿಗೆ ಸಲಹೆಗಾರನಾದನು. ಅಲ್ಲಿ ಆರು ಸಿಲಿಂಡರಿನ ಯಂತ್ರದ ಉದ್ದವಾದ ಅಚ್ಚು ಕೆಲವು ವೇಗಗಳಲ್ಲಿ ಹಗ್ಗದಂತೆ ಹೊಸೆದುಕೊಂಡು ಬಿಚ್ಚಿಕೊಳ್ಳುತ್ತಿತ್ತು. ಎಣ್ಣೆಯ ಜಿಗುಟಿನಿಂದ ಆ ಅದುರನ್ನು ನುಂಗುವ ಬಿಲ್ಲೆಗಳನ್ನು ಆತನು ಅಚ್ಚಿಗೆ ಜೋಡಿಸಿದನು. ನಾಲ್ಕು ಸಿಲಿಂಡರಿನ ಯಂತ್ರಕ್ಕಾದರೋ ಬೇರೆ ಪೀಡೆ. ಎರಡು ದಿಂಡು ಏರುವಾಗ ಎರಡು ಇಳಿದರೂ ಅವುಗಳ ವೇಗವು ಸಮವಾಗಿರದ ಕಾರಣ, ಅಚ್ಚಿನ ಪ್ರತಿ ಸುತ್ತಿಗೆ ಎರಡು ಸಾರಿ ಕಂಪನವು ಹುಟ್ಟುವದು. ಇದಕ್ಕೆ ಪ್ರತಿಯಾಗಿ, ಇಮ್ಮಡಿ ವೇಗದಲ್ಲಿ ಒಂದಕ್ಕೊಂದು ವಿರುದ್ಧವಾಗಿ ತಿರುಗುವ, ಒಂದು ಮಗ್ಗುಲು ಭಾರವಾದ ಎರಡು ಅಚ್ಚುಗಳನ್ನು ಆತನು ಕಲ್ಪಿಸಿದನು. 1970ರ ದಶಕದಲ್ಲಿ ಜಪಾನಿನ ಮಿತ್ಸುಬಿಷಿಯವರು ಇದೇ ತತ್ವವನ್ನು ತಮ್ಮ ಬಂಡಿಗಳಿಗೆ ಅಳವಡಿಸಿಕೊಂಡರು. ಇಂದಿನ ಅನೇಕ ಕಾರುಗಳಲ್ಲಿಯೂ ಅದಿದೆ.

ವಿಮಾನಶಾಸ್ತ್ರದಲ್ಲಿಯೂ ಆತನು ಪಂಡಿತನು. 1907 ಮತ್ತು 1908ರಲ್ಲಿ ಆ ವಿಷಯವಾಗಿ ಎರಡು ದೊಡ್ಡ ಗ್ರಂಥಗಳನ್ನು ಪ್ರಕಟಿಸಿದನು. 1919ರಲ್ಲಿ, ಐವತ್ತು ದಾಟಿದ ಮೇಲೆ, ಒಬ್ಬ ಸಭಾಪಾಲಕನ ಮಗಳಾದ ಡೊರೊಥಿಯಾ ಎಂಬವಳನ್ನು ಮದುವೆಯಾದನು. ಮಕ್ಕಳಾಗಲಿಲ್ಲ.

ಇಷ್ಟು ಬುದ್ಧಿವಂತನಾದರೂ ಹಣ ಕೂಡಿಸುವ ವಿದ್ಯೆ ಆತನಿಗೆ ಬರಲಿಲ್ಲ. ಡೈಮ್ಲರಿನವರ ಕೆಲಸವು ತಪ್ಪಿಹೋಯಿತು. ಮುಪ್ಪಿನಲ್ಲಿ ಕೈಕಾಲು ನಡುಗುವ ಪಾರ್ಕಿನ್ಸನ್ ರೋಗವು ಹಿಡಿಯಿತು, ಕಣ್ಣೂ ಮಂಜಾಯಿತು. ಮೋಟಾರು ಉದ್ಯಮದವರ ಧರ್ಮನಿಧಿಯ ನೆರವಿನಿಂದ ಮನೆಯೊಂದು ಉಳಿಯಿತು. ಆ ಮನೆಯಲ್ಲಿಯೇ 1946ನೇ ಮಾರ್ಚಿ 8ರಂದು ಬರ್ಮಿಂಗ್‌ಹ್ಯಾಮಿನಲ್ಲಿ ತೀರಿಕೊಂಡನು.