ಯಂತ್ರಕ್ಕಿಂತ ಮೊದಲು ಪಾಠ: ಲಾಸ್ಲೊ ಕಾಲ್ಮಾರ್

ಹಂಗೇರಿಯ ದಕ್ಷಿಣದಲ್ಲಿ, ಟೀಸಾ ನದಿಯ ದಡದಲ್ಲಿ ಸೆಗೆಡ್ ಎಂಬ ನಗರವಿದೆ. ಕೆಂಪು ಮೆಣಸಿನ ಪುಡಿಗೆ ಹೆಸರಾದ ಊರು. ಅಲ್ಲಿನ ವಿಶ್ವವಿದ್ಯಾನಿಲಯ ಮೂಲತಃ ಅಲ್ಲಿಯದಲ್ಲ. ಮೊದಲನೆಯ ಮಹಾಯುದ್ಧದ ತರುವಾಯ, 1920ರ ಟ್ರಿಯಾನೊನ್ ಒಪ್ಪಂದದಂತೆ ಕೊಲೊಜ್‌ವಾರ್ ನಗರ ರುಮೇನಿಯಕ್ಕೆ ಸೇರಿತು. ಅಲ್ಲಿದ್ದ ಹಂಗೇರಿಯನ್ ಭಾಷೆಯ ವಿಶ್ವವಿದ್ಯಾನಿಲಯ ಗಡಿ ದಾಟಿ ಬಂದು 1921ರಲ್ಲಿ ಸೆಗೆಡಿನಲ್ಲಿ ನೆಲೆ ಕಂಡಿತು. ಗಡಿರೇಖೆ ಸರಿದರೆ ಶಾಲೆ ಕಾಲೇಜುಗಳ ಪಾಡು ಏನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಹೀಗೆ ನೆಲೆ ತಪ್ಪಿ ಬಂದ ಆ ಸಂಸ್ಥೆಯಲ್ಲಿಯೇ ಹಂಗೇರಿಯ ಗಣಕ ಶಿಕ್ಷಣ ಮೊಳೆಯಿತು. ಬೀಜ ಬಿತ್ತಿದವರು ಪ್ರೊಫೆಸರ್ ಲಾಸ್ಲೊ ಕಾಲ್ಮಾರ್. (ಮನೆತನದ ಹೆಸರು ಮೊದಲು ಹೇಳುವ ಆ ನಾಡಿನವರಿಗೆ ಅವರು ಕಾಲ್ಮಾರ್ ಲಾಸ್ಲೊ.)

1905ರ ಮಾರ್ಚ್ 27ರಂದು ಹಳ್ಳಿಗಾಡಿನಲ್ಲಿ ಅವರ ಜನನ. ಬುಡಾಪೆಸ್ಟ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿ 1927ರಲ್ಲಿ ಶಿಕ್ಷಣ ಮುಗಿಸಿದರು. ಸೆಗೆಡಿಗೆ ಬಂದು, ಆ ಕಾಲದ ಗಣಿತ ದಿಗ್ಗಜರಾದ ಹಾರ್ ಮತ್ತು ರೀಸ್ ಅವರಿಗೆ ಸಹಾಯಕರಾದರು. 1929ರಲ್ಲಿ ಜರ್ಮನಿಯ ಗ್ಯೋಟಿಂಗೆನ್‌ಗೆ ಹೋದಾಗ ತರ್ಕಶಾಸ್ತ್ರದ ಗಣಿತ ಅವರ ಮನಸ್ಸನ್ನು ಸೆಳೆಯಿತು.

ಅವರ ಸಹಪಾಠಿ ರೋಜಾ ಪೇಟರ್. ತಾನು ಕಂಡುಹಿಡಿದ ಫಲಿತಾಂಶಗಳನ್ನು ಬೇರೆಯವರು ಮೊದಲೇ ಕಂಡುಹಿಡಿದಿದ್ದರೆಂದು ತಿಳಿದ ಆಕೆ ಗಣಿತದಲ್ಲಿ ಬೇಸತ್ತು ಕವಿತೆಯತ್ತ ತಿರುಗಿದ್ದರು. ಗ್ಯೋಡೆಲ್ ಎಂಬ ತರುಣನ ಹೊಸ ಸಂಶೋಧನೆಯನ್ನು ಆಕೆಗೆ ತಿಳಿಸಿ, ಗಣಿತಕ್ಕೆ ಮರಳಿಸಿದವರು ಕಾಲ್ಮಾರ್. ಮುಂದೆ 1951ರಲ್ಲಿ ಆಕೆ ಪುನರಾವರ್ತಕ ಫಲನಗಳ ಬಗ್ಗೆ ಬರೆದ ಪುಸ್ತಕವು ಆ ವಿಷಯದ ಮೊತ್ತಮೊದಲ ಗ್ರಂಥ. ಒಬ್ಬ ಅಧ್ಯಾಪಕನ ಯೋಗ್ಯತೆಯನ್ನು ಅಳೆಯಲು ಇದೊಂದೇ ಸಾಕೆಂದು ನನ್ನ ಎಣಿಕೆ.

1947ರಲ್ಲಿ ಅವರು ಪ್ರೊಫೆಸರ್ ಆದರು, 1950ರಲ್ಲಿ ಕೊಸ್ಸುತ್ ಪ್ರಶಸ್ತಿ ಬಂತು. ಇಷ್ಟಕ್ಕೆ ತೃಪ್ತರಾಗಿ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅದಲ್ಲದೆ ಕಾಲವೂ ಅನುಕೂಲವಾಗಿರಲಿಲ್ಲ. ಯಂತ್ರ ಮತ್ತು ನಿಯಂತ್ರಣಗಳ ಹೊಸ ಶಾಸ್ತ್ರವಾದ ಸೈಬರ್ನೆಟಿಕ್ಸ್, ಸ್ಟಾಲಿನನ ಕೊನೆಗಾಲದ ಸೋವಿಯತ್ ಬಣದಲ್ಲಿ ಬಂಡವಾಳಶಾಹಿಗಳ ಹುಸಿ ವಿಜ್ಞಾನವೆಂಬ ನಿಂದೆಗೆ ಒಳಗಾಗಿತ್ತು. ಕಾಲ್ಮಾರ್ ಅವರಾದರೋ ತರ್ಕಶಾಸ್ತ್ರವು ಯಂತ್ರಕ್ಕೆ ಹೇಗೆ ಒದಗುತ್ತದೆಂದು ವಿಚಾರಗೋಷ್ಠಿಗಳಲ್ಲಿ ಚರ್ಚೆ ನಡೆಸಿದರು. 1957ರಲ್ಲಿ ಅನ್ವಯಿಕ ಗಣಿತಜ್ಞರ ತರಬೇತಿಯನ್ನೇ ಆರಂಭಿಸಿದರು. ಆಗ ಸೆಗೆಡಿನಲ್ಲಿ ಒಂದು ಗಣಕಯಂತ್ರವೂ ಇರಲಿಲ್ಲ!

ಯಂತ್ರವಿಲ್ಲದಿದ್ದರೆ ಮಾಡಿಕೊಳ್ಳೋಣವೆಂಬುದು ಅವರ ರೀತಿ. 1958ರಲ್ಲಿ ಅವರ ಯೋಜನೆಯಂತೆ ತರುಣ ಸಹೋದ್ಯೋಗಿ ದಾನಿಯೆಲ್ ಮುಸ್ಕಾ ಒಂದು ತರ್ಕಯಂತ್ರವನ್ನು ಕಟ್ಟಿದರು. ಅದರ ಕೆಲಸ ಸುಲಭವಾಗಿ ತಿಳಿಯುವಂಥದು. ಒಂದು ಹೇಳಿಕೆ ನಿಜವಾಗಿರಬಹುದು ಅಥವಾ ಸುಳ್ಳಾಗಿರಬಹುದು. ಎರಡು ಹೇಳಿಕೆಗಳಿದ್ದರೆ ನಾಲ್ಕು ಸಂದರ್ಭಗಳು, ಮೂರಿದ್ದರೆ ಎಂಟು, ಎಂಟಿದ್ದರೆ 256. ಇವನ್ನೆಲ್ಲ ಕೈಯಲ್ಲಿ ಬರೆದು ಪರೀಕ್ಷಿಸಹೊರಟರೆ ತಪ್ಪುವುದು ಖಂಡಿತ. ಯಂತ್ರವು ಒಂದೊಂದನ್ನೇ ಪರೀಕ್ಷಿಸಿ ಉತ್ತರ ತೋರಿಸುತ್ತಿತ್ತು. ಗಣಿತದ ಸೂತ್ರವನ್ನೇ ಯಂತ್ರ ನೇರವಾಗಿ ಗ್ರಹಿಸುವಂತಾಗಬೇಕೆಂಬ ಇನ್ನೊಂದು ಯೋಜನೆಯೂ ಅವರಲ್ಲಿತ್ತು. ಮನುಷ್ಯನು ಯಂತ್ರದ ಭಾಷೆಗೆ ಇಳಿಯುವ ಬದಲು ಯಂತ್ರವೇ ಅವನ ಭಾಷೆಯ ಸಮೀಪಕ್ಕೆ ಬರಲಿ ಎಂಬುದು ಅದರ ತಿರುಳು.

ಕೊನೆಗೂ 1965ರಲ್ಲಿ ನಿಜವಾದ ಗಣಕಯಂತ್ರ ಬಂತು. ಅದೂ ಹೊಸತಲ್ಲ. ಬುಡಾಪೆಸ್ಟಿನಲ್ಲಿ 1959ರಿಂದ ದುಡಿದಿದ್ದ, ರೇಡಿಯೋ ಕವಾಟಗಳಿಂದ ಕೂಡಿದ ಎಂ-3 ಎಂಬ ಯಂತ್ರ. ರಾಜಧಾನಿಯಲ್ಲಿ ಬಳಸಿ ಬಿಟ್ಟದ್ದು ಗಡಿನಾಡಿಗೆ ಬರುವುದು ಎಲ್ಲೆಡೆಯ ಪದ್ಧತಿಯೇನೋ! ಆದರೆ ಅದರ ಮುಂದೆ ಕುಳಿತುಕೊಳ್ಳಲು ಪಳಗಿದ ಕೈಗಳು ಆಗಲೇ ಸಿದ್ಧವಾಗಿದ್ದವು. 1969ರಲ್ಲಿ ಅವರ ನೇತೃತ್ವದಲ್ಲಿ ಸೆಗೆಡಿನಿಂದ ಆಕ್ಟಾ ಸೈಬರ್ನೆಟಿಕಾ ಎಂಬ ಸಂಶೋಧನ ಪತ್ರಿಕೆಯೂ ಹೊರಟಿತು.

1975ರಲ್ಲಿ ರಾಜ್ಯ ಪ್ರಶಸ್ತಿ ಪಡೆದ ಕಾಲ್ಮಾರ್ 1976ರ ಆಗಸ್ಟ್ 2ರಂದು ನಿಧನರಾದರು. ಇಪ್ಪತ್ತು ವರ್ಷಗಳ ಬಳಿಕ, 1996ರಲ್ಲಿ ಅಮೆರಿಕದ ಇಂಜಿನಿಯರುಗಳ ಸಂಸ್ಥೆಯಾದ ಐಇಇಇ, ಗಣಕ ಕ್ಷೇತ್ರದ ಆದ್ಯರಿಗೆ ಸಲ್ಲುವ ಪದಕವನ್ನು ಅವರಿಗೆ ಮರಣೋತ್ತರವಾಗಿ ನೀಡಿತು. ಮುಸ್ಕಾ ಅವರು 1957ರಲ್ಲಿ ತಯಾರಿಸಿದ, ಬೆಳಕಿನತ್ತ ಹರಿದು ಹೋಗುವ ಗುಲಗಂಜಿ ಹುಳುವಿನಾಕಾರದ ಯಂತ್ರವನ್ನು ಸೆಗೆಡಿನಲ್ಲಿ ಜೋಪಾನವಾಗಿ ಇರಿಸಿದ್ದಾರೆ.